ಮುಚ್ಚಳದ ಮೇಲಿನ ಮುಖ

ಕಾಟನ್‌ಪೇಟೆ ಗೋಡೌನಿನ ಅಟ್ಟದಲ್ಲಿ
ಶುಕ್ರವಾರ ಮಧ್ಯಾಹ್ನ ಮೀಟಿಂಗು.
ಮೇಜಿನ ನಡುವೆ ಒಂದೇ ಒಂದು ಡಬ್ಬಿ:
ಹಬ್ಶಿ ಮಾರ್ಕು ಇದ್ದಲು ಹಲ್ಲುಪುಡಿ.
ಊದಿದ ತುಟಿ, ಕಿವಿಗೆ ಬಳೆಯಷ್ಟು ದೊಡ್ಡ ರಿಂಗು,
ಬಾಯಿ ತುಂಬ ಹಲ್ಲು.
ಎಣಿಸಿದ್ದೇನೆ, ಮೂವತ್ತೆಂಟು.

ದುಬೈನ ಅಂಗಡಿ ಮಾಲು ವಾಪಸ್ಸು ಕಳಿಸಿದೆ.
'ಇದು ಅವಮಾನ ಅಂಕಲ್,' ಎಂದಳು ಡಿಸೈನ್ ಹುಡುಗಿ ಇಂಚರ.
'ಯಾರಿಗಮ್ಮ ಅವಮಾನ? ದಿನಾ ಊದುಬತ್ತಿ ಬೆಳಗ್ತೀವಿ ಇವನಿಗೆ,'
ಪುಟ್ಟಶಂಕರಪ್ಪನವರು ಅಂಗೈಯಲ್ಲಿ ಮೇಜು ಒರೆಸಿದರು.
ರಾಣೆಬೆನ್ನೂರಿನ ಏಜೆಂಟು ಗಂಟಲು ಸರಿಮಾಡಿಕೊಂಡ:
'ಓದಾಕ್ ಬರದ ಮುದುಕೇರು, ಕರಿಯನ ಪುಡಿ ಕೊಡೋ ಅಂತಾರ್ರೀ.
ಮಾರಿ ತಗದ್ರ ಏನಂತ ಕೇಳ್ಬೇಕು ಅವ್ರು?'
ತುಟಿ ಸ್ವಲ್ಪ ತೆಳ್ಳಗೆ ಮಾಡಿದರೆ?
ರಿಂಗು ತೆಗೆದು ಕನ್ನಡಕ ಹಾಕಿದರೆ?
ಬಣ್ಣ ಒಂದು ಚೂರು ತಿಳಿ ಮಾಡಿದರೆ?

ನಾನು ಸ್ಟಾಕು ಪುಸ್ತಕ ಹಿಡಿದು ಬಾಗಿಲಲ್ಲಿದ್ದೆ.
ಬಣ್ಣದ ಮಾತಿಗೆ ಯಾಕೋ ಎಲ್ಲರೂ
ನನ್ನನ್ನು ನೋಡದಂತೆ ನೋಡಿದರು.

ಅವರಿಗೆ ಗೊತ್ತಿಲ್ಲ. ಗೊತ್ತಿದ್ದವರು ಸತ್ತರು.
ಅರವತ್ತೊಂಬತ್ತರಲ್ಲಿ ಶಿವಾಜಿನಗರದ ಖುದ್ದೂಸ್ ಸಾಬರಿಗೆ
ಬರೆಯಲು ಒಬ್ಬ ಹಬ್ಶಿ ಬೇಕಿತ್ತು.
ಅವರೂ ಕಂಡವರಲ್ಲ, ದೊಡ್ಡ ಯಜಮಾನರೂ ಕಂಡವರಲ್ಲ.
ಕಂಡದ್ದು ನಾಯಂಡಹಳ್ಳಿಯ ಗೂಡಿನ ಮುಂದೆ
ಭತ್ತದ ಹೊಟ್ಟು ಸುಡುತ್ತಿದ್ದ ನಮ್ಮಪ್ಪನನ್ನು.
'ಇವನೇ ಸಾಕು' ಅಂದರಂತೆ.
ಎರಡು ದಿನ ಸ್ಟೂಲಿನ ಮೇಲೆ. ಐದು ರೂಪಾಯಿ,
ಮೇಲೊಂದು ಡಜನ್ ಡಬ್ಬಿ.
ಹೊಗೆಸೊಪ್ಪಿನ ಹಲ್ಲಿಗೆ ಸುಣ್ಣದ ಬಿಳಿ ಹತ್ತಿತು,
ತುಟಿ ಯಜಮಾನರು ಹೇಳಿದಷ್ಟೂ ಉಬ್ಬಿತು;
ಕೆಂಗೇರಿ ದಾಟದ ಅಪ್ಪ
ಕೂತಲ್ಲೇ ಸಮುದ್ರ ದಾಟಿದ.

ಶಾಲೆಯಲ್ಲಿ ನನ್ನ ಹೆಸರು ಹಲ್ಲುಪುಡಿ.
ಅವ್ವ ಡಬ್ಬಿಯನ್ನು ಯಾವಾಗಲೂ ಕವುಚಿ ಇಡುತ್ತಿದ್ದಳು.
ಅಪ್ಪ ಸತ್ತ ಹನ್ನೊಂದನೇ ದಿನ, ಮನೆಯಲ್ಲಿ ಫೋಟೋ ಇಲ್ಲ,
ಅದೇ ಅವ್ವ ಮುಚ್ಚಳ ತೊಳೆದು
ಕುಂಕುಮ ಇಟ್ಟಳು.

'ಹಳೇ ಲೇಬಲ್ಲು ಎಷ್ಟಿದೆ ಚಿನ್ನತಾಯಮ್ಮ?'
'ಹನ್ನೊಂದು ಸಾವಿರದ ನಾನೂರು, ಸಾರ್.'
'ಅದು ಖರ್ಚಾಗಲಿ ಮೊದಲು. ಆಮೇಲೆ ನೋಡೋಣ.'
ಬೋಂಡ ಬಂತು.
ಇಂಚರ ಲ್ಯಾಪ್‌ಟಾಪು ಮುಚ್ಚಿದಳು, ಬೋಂಡ ಮುಟ್ಟಲಿಲ್ಲ.

ನಾನು ಏನಾದರೂ ಹೇಳಬಹುದಿತ್ತು. ಏನಂತ?
ಇರಲಿ ಎಂದರೆ ಆ ತುಟಿ ಇರುತ್ತದೆ.
ಬೇಡ ಎಂದರೆ ಎಡಹುಬ್ಬಿನ ಮೇಲಿನ ಸುಟ್ಟ ಕಲೆ ಹೋಗುತ್ತದೆ,
ಸಾಬರು ನಿಜ ಬರೆದದ್ದು ಅದೊಂದೇ.

ಸಂಜೆ ಹೆಣ್ಣೂರು ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ,
ಆದರೂ ಒಂದು ಸೀಟು ಖಾಲಿ:
ಸುಡಾನಿನವನೋ ಕಾಂಗೋದವನೋ,
ಕಾಲೇಜು ಹುಡುಗನೊಬ್ಬನ ಪಕ್ಕ.
ಕೂತೆ. ಮಡಿಲಲ್ಲಿ ತಿಂಗಳ ಪುಕ್ಕಟೆ ಡಬ್ಬಿ.
ಅವನು ಮುಚ್ಚಳ ನೋಡಿದ. ನನ್ನನ್ನು ನೋಡಿದ.
ಆಮೇಲೆ ಕಿಟಕಿಯಾಚೆ.

ನಮ್ಮಪ್ಪ, ಎಂದು ಬಾಯಿಗೆ ಬಂತು.
ಯಾವ ಭಾಷೆಯಲ್ಲಿ ಹೇಳಿದ್ದರೂ ಅದು
ಇನ್ನೊಂದು ಬೈಗುಳದ ಹಾಗೆ ಕೇಳಿಸುತ್ತಿತ್ತು.
ಹೆಬ್ಬೆರಳಿಂದ ತುಟಿ ಮುಚ್ಚಿದೆ,
ತೋರುಬೆರಳಿಂದ ರಿಂಗು.
ಹಣೆ ಉಳಿಯಿತು.
ಲಿಂಗರಾಜಪುರದ ಸೇತುವೆ ಇಳಿಯುವ ತನಕ
ಹಾಗೇ ಹಿಡಿದಿದ್ದೆ;
ಬೆರಳು ಮರಗಟ್ಟಿತು.