ಎಂಟು ಸೆಲ್ಲು

ಎಂಟು ಸೆಲ್ಲು ನುಂಗಿ ಓಡುತ್ತಿತ್ತು ಇದು.
ಬೈತಕೋಲದಲ್ಲಿ ಹೊಸ ಬೋಟು ನೀರಿಗಿಳಿದ ದಿನ
ಕರ್‍ರ್ ಎಂದದ್ದೇ ತಡ
ಮೂವತ್ತಾರೂ ಖಾಲಿ.
ವಿಠೋಬ ತಾಂಡೇಲ ಎತ್ತಿದ ತೆಂಗಿನಕಾಯಿ
ಇನ್ನೂ ಗಾಳಿಯಲ್ಲೇ ಇತ್ತು.

ಕಾಜುಬಾಗದ ವೆರ್ಣೇಕರ, ಗಡಿಯಾರದವನು,
ತಳ ಬಿಚ್ಚಿದ.
ಹಿತ್ತಾಳೆ ಪಟ್ಟಿಗೆಲ್ಲ ಹಸಿರು ಕಿಲುಬು,
ಬಾಗಿಲಂಚಿನ ಸ್ಪಂಜು ಕರಗಿ ಹಲಸಿನ ಮೇಣ.
ಮೂಸಿ ನೋಡಿ ಅಂದ:
‘ಉಪ್ಪುಗಾಳಿ ತಿಂದದ್ದು ಮೋಟಾರನ್ನ.
ಕ್ಯಾಮೆರಾ ಗಟ್ಟಿ ಉಂಟು.’

ಕಳಚಿದ ಮೇಲೆ ಅರ್ಧ ತೂಕ.
ಕಿವಿ ಮಾತ್ರ ಇನ್ನೂ
ಆ ಕರ್‍ರ್‌ಗೆ ಕಾಯುತ್ತದೆ.

ಮೂಲೆಯಲ್ಲಿ ಮಡಚಿ ಕೂತಿದ್ದ ಲಿವರು
ಇಪ್ಪತ್ತು ವರ್ಷದ ಮೇಲೆ
ಹೆಬ್ಬೆರಳಿಗೆ ಸಿಕ್ಕಿತು.
ಎಳೆದೆ. ಒತ್ತಿದೆ.
ಮತ್ತೆ ಎಳೆಯುವಷ್ಟರಲ್ಲಿ
ಪರ್ಸೀನ್ ಬೋಟು ಕೂರ್ಮಗಡದ ಮರೆಗೆ.
ಕಣ್ಣಲ್ಲಿ ಬರೀ ನೊರೆ.

ಹೋಗಲಿ,
ಮೂವತ್ತೈದು ಬಾಕಿ.