ಖಾಲಿ ಕ್ಲಿಪ್ಪು

ನಮ್ಮ ಬೀದಿಯಲ್ಲಿ ಬಾಲ್ಕನಿಗೊಂದು ಹಗ್ಗ,
ಕೆಳತುದಿಗೆ ಕ್ಲಿಪ್ಪು, ಮೇಲ್ತುದಿಗೆ ಗಂಟೆ.
ಪೇಪರಿನ ಹುಡುಗ ಸಿಕ್ಕಿಸಿ ಜಗ್ಗುತ್ತಾನೆ,
ಐದನೇ ಮಹಡಿಯಲ್ಲಿ ಕಿಣಿಕಿಣಿ.
ಮಂಡಿನೋವಿನ ನಾನು ಕೂತಲ್ಲಿಂದಲೇ
ರಂಗೂನನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದೆ:
ಬೇಯಿಸಿದ ಕಡಲೆ, ಕರೆಂಟ್ ಬಿಲ್ಲು,
ಚೀಲದಲ್ಲಿ ಬಿಸಿ ಬಿಸಿ ಮೊಹಿಂಗಾ.

ನಮ್ಮ ಮನೆಯವರು, ಊ ಸೋ ಪೈಂಗ್,
ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು.
ನಲವತ್ತೊಂದು ವರ್ಷ
ನನ್ನ ತಮೇನು ಒಣಗುವ ಕಡೆ ತಲೆ ಹಾಯಿಸಿದವರಲ್ಲ.
ಬಕೆಟ್ಟು ಬೇರೆ, ಸಾಬೂನು ಬೇರೆ.
ಅವರ ಅಂಗಿಗೆ ಬಾಲ್ಕನಿಯ ತಂತಿ, ಬಿಸಿಲು;
ನಾನು ಸೊಂಟಕ್ಕೆ ಸುತ್ತುವುದಕ್ಕೆ
ಬಚ್ಚಲ ಹಿಂದಿನ ಮೊಳೆ.
ಹೆಂಗಸಿನ ಬಟ್ಟೆಯಡಿ ನುಸುಳಿದರೆ
ಗಂಡಸಿನ ತೇಜ ಇಳಿದುಹೋಗುತ್ತದಂತೆ
ಕೆಸುವಿನೆಲೆಯಿಂದ ನೀರು ಜಾರಿದ ಹಾಗೆ.
ಯಾರು ಅಳೆದು ನೋಡಿದ್ದರೋ.

ನವೆಂಬರಿನಲ್ಲಿ ಇಬ್ಬರೂ ವೋಟು ಹಾಕಿ ಬಂದೆವು.
ಕಿರುಬೆರಳಿನ ಶಾಯಿ ಉಗುರಿನ ಜೊತೆ ಬೆಳೆದು
ತುದಿ ಮುಟ್ಟುವ ಮೊದಲೇ ಒಂದು ಬೆಳಿಗ್ಗೆ
ಫೋನು ಸತ್ತಿತ್ತು,
ಟಿವಿಯ ತುಂಬ ಸಮವಸ್ತ್ರ.

ಮಾತಾಡಿದವರನ್ನು ಮನೆಗೆ ಬಂದು ಕರೆದೊಯ್ದರು.
ಹಾಗಾಗಿ ಮಾತು ಬಿಟ್ಟೆವು.
ರಾತ್ರಿ ಎಂಟಕ್ಕೆ ಪಾತ್ರೆ ಬಡಿದೆವು,
ಅಜ್ಜಿಯಂದಿರು ಪೀಡೆ ಓಡಿಸಲು ಬಡಿಯುತ್ತಿದ್ದಂತೆ.
ನನ್ನ ಅನ್ನದ ಪಾತ್ರೆಯ ತಳ ನೆಗ್ಗಿತು.
ಎದುರುಮನೆಯ ಮ ಥಂಡಾ, ಕಿವಿ ಕೇಳಿಸದವಳು,
ನಮ್ಮ ಕೈಗಳನ್ನು ನೋಡಿ ನೋಡಿ ಬಡಿದಳು;
ಕತ್ತಲಲ್ಲಿ ನಾವು ನಿಲ್ಲಿಸಿದ್ದು ತಿಳಿಯದೆ
ದಿನಾ ಎಲ್ಲರಿಗಿಂತ ಕೊನೆಗೆ ನಿಂತಳು.
ಆ ಒಂಟಿ ಸದ್ದನ್ನು
ಯಾರೂ ಹೋಗಿ ತಡೆಯಲಿಲ್ಲ.

ಮಾರ್ಚಿನಲ್ಲಿ ಹುಡುಗಿಯರು ಮೆಟ್ಟಿಲು ಹತ್ತಿ ಬಂದರು.
ಅಜ್ಜೀ, ಹಗ್ಗ ಕೊಡಿ. ಒಂದು ತಮೇನೂ ಕೊಡಿ.
ಹಳೆಯದಾದರೂ ಆದೀತು,
ಒಗೆಯದಿದ್ದರೆ ಇನ್ನೂ ಒಳ್ಳೆಯದು.
ನಗುವೂ ನಾಚಿಕೆಯೂ ಒಟ್ಟಿಗೇ ಬಂತು ನನಗೆ.
ಏಳಲು ಮಂಡಿ ಹಿಡಿದುಕೊಳ್ಳುವಷ್ಟರಲ್ಲಿ
ಇವರು ಎದ್ದು ಬಚ್ಚಲ ಹಿಂದಕ್ಕೆ ಹೋದರು,
ಮೊಳೆಯ ಮೇಲಿದ್ದ ಕಂದು ತಮೇನನ್ನು
ಸುಡುವ ಪಾತ್ರೆಯಂತೆ ಎರಡೇ ಬೆರಳಲ್ಲಿ ಹಿಡಿದು ತಂದರು.
ಅರ್ಧ ದಾರಿಯಲ್ಲಿ ನಿಂತರು.
ಆಮೇಲೆ ಹೆಗಲಿಗೆ ಹಾಕಿಕೊಂಡರು, ಟವೆಲಿನ ಹಾಗೆ.
ಏನೂ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಹಗ್ಗಕ್ಕೆ ಹಗ್ಗ ಗಂಟು ಬಿದ್ದು
ಈ ಗೋಡೆಯಿಂದ ಆ ಗೋಡೆಗೆ, ಗಂಟೆಗಳ ಸಮೇತ,
ಇಡೀ ಬೀದಿಯ ಸೊಂಟ ಗಾಳಿಯಲ್ಲಿ ತೂಗಿತು.
ಹೂವಿನಂಚು, ಚೌಕಳಿ, ಮದುವೆಯ ರೇಷ್ಮೆ,
ಎಂದೂ ಆರದ ಕಲೆ.

ಲಾರಿ ಬಂತು.
ಮತಪೆಟ್ಟಿಗೆ ದಾಟಿ ಬಂದವರು,
ನ್ಯಾಯಾಲಯದ ಹೊಸ್ತಿಲು ದಾಟಿ ಬಂದವರು
ಬಣ್ಣಗೆಟ್ಟ ನನ್ನ ಬಟ್ಟೆಯಡಿ ದಾಟಲಾರದೆ ನಿಂತರು.
ಹತ್ತೊಂಬತ್ತು ಇರಬಹುದು ಆ ಹುಡುಗನಿಗೆ,
ಕೋಲಿಗೆ ಚಾಕು ಕಟ್ಟಿ ಲಾರಿಯ ತಲೆ ಹತ್ತಿದ,
ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಕೊಯ್ದ.
ಹಗ್ಗ ಬಿತ್ತು. ಎಲ್ಲ ಮನೆಯ ಗಂಟೆಗಳೂ
ಒಮ್ಮೆಲೇ ಬಾರಿಸಿದವು,
ಬಾಗಿಲಿಗೆ ಯಾರೋ ಬಂದ ಹಾಗೆ.

ಗಡಿಯಾರ ನೋಡಿದ್ದೆ: ಏಳು ನಿಮಿಷ.
ಏಳು ನಿಮಿಷದಲ್ಲಿ ಹಿಂದಿನ ಓಣಿಯಿಂದ
ಎಷ್ಟು ಮಕ್ಕಳು ಪಾರಾದರೋ
ಲೆಕ್ಕ ಇಟ್ಟವರಿಲ್ಲ, ಇಡಲೂಬಾರದು.
ಆಗದವರ ಲೆಕ್ಕ ಇದೆ.
ಮೂರನೇ ಮಹಡಿಯ ಹಗ್ಗ
ಇವತ್ತಿಗೂ ಕೆಳಗಿಳಿದಿಲ್ಲ.

ನಾವು ಹೊಸ ಹಗ್ಗ ಕಟ್ಟಿದ್ದೇವೆ.
ಪೇಪರು ಬರುವುದಿಲ್ಲ, ಮುಚ್ಚಿಸಿದರು.
ಆದರೂ ಕೆಲವು ಬೆಳಿಗ್ಗೆ ದಾರಿಹೋಕರು ಯಾರೋ
ಒಮ್ಮೆ ಜಗ್ಗಿ ಹೋಗುತ್ತಾರೆ.
ಇವರು ಎಳೆದುಕೊಳ್ಳುತ್ತಾರೆ.
ಕ್ಲಿಪ್ಪಿನಲ್ಲಿ ಏನೂ ಇರುವುದಿಲ್ಲ.
ಕನ್ನಡಕ ಹಾಕಿಕೊಂಡು
ಪೂರ್ತಿ ಓದಿ
ಮತ್ತೆ ಕೆಳಗಿಳಿಸುತ್ತಾರೆ.