ಕ್ಲಚ್ ಬದಲಿಸಿದ ಭಾನುವಾರ

ಚಿಯಾತುರಾದ ಏರಿನಲ್ಲಿ ಅಮ್ಮನ ನೀವಾ
ಗುರುವಾರ ಕೈಕೊಟ್ಟಿತು.
ಎಂಜಿನ್ ಕೂಗುತ್ತಿತ್ತು, ಚಕ್ರಕ್ಕೆ ಕೇಳಿಸುತ್ತಿರಲಿಲ್ಲ.
"ಪೆಡಲ್ ಮೇಲೆ ಕಾಲಿಟ್ಟೇ ಓಡಿಸ್ತಾಳೆ," ಅಂದ ಅಪ್ಪ,
ಬೇಲಿಯಾಚೆ ನೂಗ್ಜಾರನಿಗೂ ಕೇಳುವ ಹಾಗೆ.

ಹಿಂದಿನ ಚಕ್ರಕ್ಕೆ ಕಲ್ಲು, ಮುಂದೆ ಎರಡು ಮರದ ದಿಮ್ಮಿ.
ಹಳೆಯ ಪರದೆ ಹಾಸಿ ಇಬ್ಬರೂ ಅಡಿಗೆ ನುಸುಳಿದೆವು.
ಹದಿನೇಳರ ಸ್ಪಾನರ್ ಕೇಳಿದರೆ ಹದಿಮೂರರದು ಕೊಟ್ಟೆ,
ಬೈಸಿಕೊಂಡೆ.
ಗೇರ್‌ಬಾಕ್ಸ್ ಕಳಚಿ ಅಪ್ಪನ ಎದೆಯ ಮೇಲೆ ಕೂತಿತು,
ಎಣ್ಣೆಯ ಉಚ್ಚೆ ಹೊಯ್ದ ಕೂಸಿನ ಹಾಗೆ.

ಆರು ಬೋಲ್ಟು, ಎದುರುಬದುರಾಗಿ, ಚೂರು ಚೂರೇ.
ತಟ್ಟೆ ಕೈಗೆ ಬಂತು:
ಸವೆದು ಸವೆದು ರಿವೆಟ್ಟುಗಳು ಹಲ್ಲು ಕಿರಿದಿದ್ದವು.
ಅಪ್ಪ ತೋಳಿನಿಂದ ಒರೆಸಿದ, ತಿರುವಿ ನೋಡಿದ.
ರೋಪ್‌ವೇ ನಿಂತ ವರ್ಷದಿಂದ
ಮೇಲಿನ ಮನೆಗಳಿಗೆ ಸಿಲಿಂಡರು, ಹಿಟ್ಟು, ಸೊಂಟ ಹಿಡಿದ ಮುದುಕಿಯರು,
ಒಮ್ಮೆ ಒಂದು ಶವಪೆಟ್ಟಿಗೆ, ಹಿಂಬಾಗಿಲು ತೆರೆದೇ ಇಟ್ಟು.
"ಗಣಿಯಲ್ಲಿ ನಾನೂ ಇಷ್ಟು ಸವೆದಿಲ್ಲ," ಅಂದ,
ಬೇಲಿಗೆ ಕೇಳಿಸದ ಹಾಗೆ.

ಹೊಸ ತಟ್ಟೆಯನ್ನು ನಟ್ಟನಡುವೆ ಕೂರಿಸಲು
ಪೊರಕೆಯ ಹಿಡಿಗೆ ಟೇಪು ಸುತ್ತಿದೆವು.
ಕತ್ತಲಿಗೆ ಮುಂಚೆ ಎಲ್ಲ ಸೇರಿತು. ಒಂದು ಬೋಲ್ಟು ಮಿಕ್ಕಿತು.
ಅದನ್ನು ನಾನು ಜೇಬಿಗಿಳಿಸಿದೆ.

ಅಮ್ಮ ಸೀಟಿನಲ್ಲಿ, ಹಿಟ್ಟು ಮೆತ್ತಿದ ಕೈ ಹೊರಗೆ ಚಾಚಿ.
"ಒತ್ತು! ಹಿಡಿ! ಬಿಡು!" ಅಡಿಯಿಂದ ಅಪ್ಪ.
ಒತ್ತಿದಳು. ಹಿಡಿದಳು.
"ಇಷ್ಟು ಹಗುರವಾ?" ಅಂದಳು, "ಇದು ಯಾರ ಕಾರು?"
"ಲಾಮಾರಾ, ಬಿಡು!"
ಬಿಡಲಿಲ್ಲ.
ಕತ್ತಲಲ್ಲಿ, ಮೇಲಕ್ಕೆ ಹೋಗುವ ರಸ್ತೆ ನೋಡುತ್ತ
ಹಿಡಿದೇ ಇದ್ದಳು.